ಗಿಡುಗಕ್ಕೆ ಹೇಳಿದ ಮಾತು

ಇಷ್ಟಕ್ಕೆಲ್ಲ ಮೂಲ ಆಸ್ಪತ್ರೆಯ ನರ್ಸ್ ಹಯಾತ್ ಹೇಳಿದ ಒಂದು ಮಾತು. ಅವಳು ಇನ್ನೂ ಮಾತು ಬಾರದ ಪುಟ್ಟ ಯಾಕೂತಳ ಬೆನ್ನ ಹಿಂದೆ ನಿಂತು ಚಮಚದಿಂದ ಬಟ್ಟಲು ಬಡಿದು ನೋಡಿದಳು, ಬಾಯಿ ತೆರೆಸಿ ನಾಲಿಗೆ ನೋಡಿದಳು, ಕೆನ್ನೆ ಹಿಂಡಿ ನಗಿಸಿದಳು. ಆಮೇಲೆ, "ಮಗೂಗೆ ಏನೂ ಆಗಿಲ್ಲ. ಕಿವಿ ಚುರುಕಾಗಿದೆ, ನಾಲಿಗೆ ಚೆನ್ನಾಗಿದೆ. ಅಪ್ಪ ಮನೇಲಿ ಮಾತಾಡ್ತಾರಾ?" ಎಂದು ಕೇಳಿದಳು.

ತಿಜಾನಿ ಉತ್ತರ ಕೊಡಲು ಬಾಯಿ ತೆರೆದ. ಏನು ಹೇಳಬೇಕೆಂದು ಯೋಚಿಸಿದ. ಯೋಚನೆ ಮುಗಿಯುವುದರೊಳಗೆ ಅವನ ಹೆಂಡತಿ ದಲಂದಾ, "ನೀವೇ ನೋಡ್ತಿದೀರಲ್ಲ ಸಿಸ್ಟರ್, ಇದೇ ಉತ್ತರ" ಎಂದಳು.

"ಹಾಗಾದ್ರೆ ಕೇಳಿ. ಮಕ್ಕಳಿಗೆ ಮಾತು ಬರೋದು ಔಷಧಿಯಿಂದಲ್ಲ, ಮಾತಿಂದ. ನೀವು ಏನು ಮಾಡ್ತಿದೀರೋ ಅದನ್ನೇ ಅವಳಿಗೆ ಹೇಳ್ತಾ ಹೋಗಿ. ಅವಳು ಯಾವುದನ್ನ ನೋಡ್ತಾಳೋ ಅದರ ವಿಷಯ ಹೇಳಿ. ಹೇಳಿ ಸ್ವಲ್ಪ ಕಾಯಿರಿ. ಅವಳು ಊಂ ಅಂದ್ರೂ ಅದಕ್ಕೊಂದು ಉತ್ತರ ಕೊಡಿ. ಅಷ್ಟೇ."

ದಲಂದಾ ಬೆಳಗಾದರೆ ಪಕ್ಕದ ಪಟ್ಟಣ ಕೆಲಿಬಿಯಾದ ಮೀನು ಡಬ್ಬಿ ಕಾರ್ಖಾನೆಗೆ ಹೋಗುತ್ತಿದ್ದಳು, ಬರುವುದು ಸಂಜೆ. ಬಂದ ಮೇಲೆ ಅವಳು ಮಾತಾಡುವುದೇನೋ ನಿಜ, ಆದರೆ ಉತ್ತರಕ್ಕೆ ಕಾಯುವ ಅಭ್ಯಾಸ ಅವಳಿಗಿರಲಿಲ್ಲ. ಹಗಲೆಲ್ಲ ಮಗು ಅಪ್ಪನ ಜೊತೆ. ಅಪ್ಪನೋ, ಊರಲ್ಲೇ ಹೆಸರಾದ ಮೌನಿ. ಅವರ ಊರು ಹವ್ವಾರಿಯಾದಲ್ಲಿ ಸಮುದ್ರದ ಗಾಳಿ ವರ್ಷಪೂರ್ತಿ ಮಾತಾಡುತ್ತಲೇ ಇರುತ್ತದೆ, ಅದರ ನಡುವೆ ಬಾಯಿ ಹಾಕುವುದು ಮರ್ಯಾದೆಯಲ್ಲ ಎಂಬಂತೆ ಅವನು ಬೆಳೆದಿದ್ದ. ಮೆಣಸಿನಕಾಯಿ ಮಡಿಗೆ ನೀರು ಕಟ್ಟುವಾಗ ಮಾತೇಕೆ? ಊಟ ಮಾಡುವಾಗ ಮಾತೇಕೆ? ಎರಡೂವರೆ ವರ್ಷದ ಮಗು ಏನು ರಾಜಕೀಯ ಮಾತಾಡಬೇಕೇ?

ಆಸ್ಪತ್ರೆಯಿಂದ ಹೊರಬಂದ ಮೇಲೆ ಹೇಗೋ ಧೈರ್ಯ ಮಾಡಿ ಕೇಳಿದ. "ಉತ್ತರ ಕೊಡದೇ ಇರೋರ ಜೊತೆ ಏನೇ ಮಾತಾಡೋದು?"

"ಓಹೋ! ಆ ಹಕ್ಕಿ ಉತ್ತರ ಕೊಡುತ್ತೇನ್ರೀ?" ಎಂದಳು ದಲಂದಾ.

ತಿಜಾನಿಯ ಮಟ್ಟಿಗೆ ಹಕ್ಕಿಯ ವಿಷಯವೇ ಬೇರೆ. ವಸಂತದಲ್ಲಿ ಕಡಲು ದಾಟಿ ಹೋಗುವ ಗಿಡುಗಗಳನ್ನು ಬೆಟ್ಟದ ಮೇಲೆ ಬಲೆ ಹಾಕಿ ಹಿಡಿಯುವುದು, ಲಾವಕ್ಕಿ ಬೇಟೆಗೆ ಪಳಗಿಸುವುದು, ಬೇಟೆಯ ಕಾಲ ಮುಗಿದ ಮೇಲೆ ಮತ್ತೆ ಆಕಾಶಕ್ಕೆ ಬಿಟ್ಟುಬಿಡುವುದು, ಇದು ಆ ಊರಿನ ಗಂಡಸರಿಗೆ ಅಪ್ಪ ಅಜ್ಜಂದಿರಿಂದ ಬಂದ ಹುಚ್ಚು. ಹೊಸ ಗಿಡುಗವನ್ನು ಕೈಮೇಲೆ ಕೂರಿಸಿಕೊಂಡೇ ಸಂತೆಗೆ ಹೋಗಬೇಕು, ಕ್ಷೌರಕ್ಕೆ ಹೋಗಬೇಕು, ಚಹಾ ಕುಡಿಯಬೇಕು. ಮನುಷ್ಯರ ಗದ್ದಲ ಅದಕ್ಕೆ ಒಗ್ಗಬೇಕು. ಎಲ್ಲಕ್ಕಿಂತ ಹೆಚ್ಚಾಗಿ ಒಡೆಯನ ದನಿ ಅದರ ಕಿವಿಯೊಳಗೆ ಇಳಿಯಬೇಕು. ಅದಕ್ಕೇ ಸಂಜೆ ಹೊತ್ತು ತಿಜಾನಿ ಹಿಂದಿನ ಕೋಣೆಯ ಬಾಗಿಲು ಮುಚ್ಚಿಕೊಂಡು, ಹಕ್ಕಿಯ ಎದೆಯ ಪುಕ್ಕವನ್ನು ಬೆರಳ ಹಿಂಬದಿಯಿಂದ ನೇವರಿಸುತ್ತ, ಯಾರಿಗೂ ಕೇಳದ ದನಿಯಲ್ಲಿ ಏನೇನೋ ಹೇಳುತ್ತಿದ್ದ. ಆ ಕೋಣೆಯೊಳಗೆ ಯಾಕೂತಳಿಗೆ ಮಾತ್ರ ಪ್ರವೇಶ. ಹೇಗಿದ್ದರೂ ಅವಳು ಯಾರಿಗೂ ಹೇಳುವವಳಲ್ಲವಲ್ಲ! ಅವಳು ಮಂಚದ ಕೆಳಗೆ ಕೂತು ಆಲಿವ್ ಬೀಜಗಳನ್ನು ಆ ಕೈಯಿಂದ ಈ ಕೈಗೆ ಹಾಕಿಕೊಳ್ಳುತ್ತಿದ್ದಳು.

ನರ್ಸಿನ ಮಾತು ನಾಬಲ್ ಊರಿನಲ್ಲಿದ್ದ ಅತ್ತೆ ಶಾದ್ಲಿಯಾಳ ಕಿವಿಗೆ ಅದೇ ದಿನ ಫೋನಿನಲ್ಲಿ ಮುಟ್ಟಿತು. ಅತ್ತೆಯ ತೀರ್ಪು ತಡವಾಗಲಿಲ್ಲ. "ಶುಕ್ರವಾರ ಬರ್ತೀನಿ. ಅಷ್ಟರಲ್ಲಿ ಮಗು ಬಾಯಿ ಬಿಟ್ಟರೆ ಸರಿ. ಇಲ್ಲಾಂದ್ರೆ ನನ್ನ ಮನೆಗೆ ಕರ್ಕೊಂಡು ಹೋಗ್ತೀನಿ. ಇಲ್ಲಿ ಕಿತ್ತಳೆ ಹೂವಿನ ನೀರು ಬಟ್ಟಿ ಇಳಿಸೋ ಕಾಲ. ಹಂಡೆ ಸುತ್ತ ನಾವೆಲ್ಲ ಅಕ್ಕತಂಗೀರು ಕೂತ್ವು ಅಂದ್ರೆ ಗೋಡೆಗೂ ಮಾತು ಬರುತ್ತೆ. ಮುಂದಿನ ವಸಂತಕ್ಕೆ ವಾಪಸ್ ಕಳಿಸ್ತೀನಿ."

ಮುಂದಿನ ವಸಂತ! ತಿಜಾನಿ ಬೆರಳು ಮಡಚಿ ತಿಂಗಳು ಎಣಿಸಿದ. ಮಗು ಮಾತಾಡದಿದ್ದರೇನು, ಬೆಳಗ್ಗೆ ಏಳುತ್ತಲೇ ಬಂದು ಅವನ ಹೊಟ್ಟೆಯ ಮೇಲೆ ಕೂರುತ್ತಿದ್ದಳು. ಅವನು ಮಡಿಗೆ ನೀರು ಕಟ್ಟುವಾಗ ತಾನೂ ಪುಟ್ಟ ಬೆರಳಿನಿಂದ ಕಾಲುವೆ ತೋಡುತ್ತಿದ್ದಳು. ಅವಳಿಲ್ಲದ ಮನೆಯ ಮೌನ ತನ್ನ ಮೌನದಂಥದ್ದಲ್ಲ ಎಂದು ಅವನಿಗೆ ಗೊತ್ತಿತ್ತು.

ಶುಕ್ರವಾರ ಬೆಳಗ್ಗೆ ಅಮ್ಮನನ್ನು ಕರೆತರಲು ಹೊರಟ ದಲಂದಾ ಹೊಸ್ತಿಲಲ್ಲಿ ನಿಂತು ಬೆರಳು ತೋರಿಸಿದಳು. "ಇವತ್ತೊಂದು ದಿನ ಬಾಯಿ ಮುಚ್ಚಬೇಡಿ. ಕಂಡದ್ದನ್ನೆಲ್ಲ ಹೇಳ್ರೀ. ನಿಮ್ಮ ದಮ್ಮಯ್ಯ."

ತಿಜಾನಿ ಎಡಗೈ ಮೇಲೆ ಗಿಡುಗವನ್ನು ಕೂರಿಸಿಕೊಂಡ. ಅಂದು ಸಂಜೆ ಊರಾಚೆಯ ಕಣದಲ್ಲಿ ಎಲ್ಲರೂ ತಂತಮ್ಮ ಹಕ್ಕಿಗಳನ್ನು ದೂರದಿಂದ ಕರೆದು ತೋರಿಸುವುದಿತ್ತು, ಅದನ್ನು ಬಿಟ್ಟಿರುವ ಹಾಗಿಲ್ಲ. ಬಲಗಡೆ ಸೊಂಟದ ಮೇಲೆ ಯಾಕೂತಳನ್ನು ಕೂರಿಸಿಕೊಂಡ. ಎರಡು ಜೊತೆ ಕಣ್ಣುಗಳು, ಒಂದು ಹಳದಿ, ಒಂದು ಕಪ್ಪು, ಅವನ ಮುಖವನ್ನೇ ನೋಡುತ್ತಿದ್ದವು. ಗಂಟಲು ಸರಿಮಾಡಿಕೊಂಡು ಅವನು ಶುರುಮಾಡಿದ.

"ಇದು ಬಾಗಿಲು" ಎಂದ. ಕಾದ. ಯಾಕೂತ ಬಾಗಿಲನ್ನು ನೋಡಿದಳು. "ಬಾಗಿಲು ತೆಗೀತೀನಿ. ಇದು ಅಂಗಳ. ಇದು ನಮ್ಮ ನಿಂಬೆ ಗಿಡ." ಮಗು ಗೋಡೆಯ ಕಡೆ ಕಣ್ಣರಳಿಸಿತು. ಅವಳು ನೋಡಿದ್ದರ ವಿಷಯ ಹೇಳಬೇಕೆಂದಲ್ಲವೇ ನರ್ಸ್ ಹೇಳಿದ್ದು? "ಅದು ಪಕ್ಕದ ಮನೆ ಮನ್ನೂಬಿಯಾ ಅತ್ತೆ ಕೈ. ಗೋಡೆ ಮೇಲಿಂದ ಬಂದಿದೆ. ನಮ್ಮ ನಿಂಬೆಹಣ್ಣು ಕೀಳ್ತಾ ಇದೆ. ನೋಡು, ಒಂದು ಕಿತ್ತಾಯ್ತು. ಈಗ ಇನ್ನೊಂದು ಕೀಳ್ತಾಳೆ."

ಗೋಡೆಯ ಮೇಲಿನ ಕೈ ಸರಕ್ಕನೆ ಮಾಯವಾಯಿತು. ಮರುಕ್ಷಣ ಅದೇ ಜಾಗದಲ್ಲಿ ಮನ್ನೂಬಿಯಾಳ ಮುಖ ಮೂಡಿತು.

"ಏನಯ್ಯಾ ತಿಜಾನಿ! ಇಷ್ಟು ವರ್ಷ ಕಿತ್ತಿದೀನಿ, ಒಂದು ದಿನ ಏನಾದ್ರೂ ಅಂದಿದ್ದೆಯಾ? ಇವತ್ತು ಮಗು ನೆಪ ಮಾಡ್ಕೊಂಡು ಕಳ್ಳಿ ಅಂತೀಯಲ್ಲ! ನಿನ್ನ ಮದುವೇಲಿ ಕುಸ್‌ಕುಸ್ ಬೇಯಿಸಿದ್ದು ಈ ಕೈಯೇ ಕಣೋ!"

"ಕಳ್ಳಿ ಅನ್ಲಿಲ್ಲ ಅತ್ತೆ, ಕೈ ಅಂದೆ" ಎಂದ ತಿಜಾನಿ. ಮತ್ತೆ ಮಗುವಿನ ಕಡೆ ತಿರುಗಿ, "ಈಗ ಮನ್ನೂಬಿಯಾ ಅತ್ತೆ ಕೂಗ್ತಾ ಇದಾಳೆ. ಮುಖ ಮೆಣಸಿನಕಾಯಿ ಹಾಗೆ ಕೆಂಪಾಗಿದೆ" ಎಂದು ಮುಂದುವರಿಸಿದ. ನಿಯಮ ಎಂದರೆ ನಿಯಮ. ಹಾರಿ ಬಂದ ನಿಂಬೆಹಣ್ಣು ಅವನ ಭುಜಕ್ಕೆ ಬಡಿಯಿತು. "ಇದು ನಿಂಬೆಹಣ್ಣು" ಎಂದ.

ಬೀದಿಯಲ್ಲಿ ಹೋಗುತ್ತ ಹೋಗುತ್ತ ನಾಲಿಗೆ ಸಡಿಲವಾಯಿತು. ಮಾತಾಡುವುದು ಅವನು ತಿಳಿದಷ್ಟು ಕಷ್ಟವಾಗಿರಲಿಲ್ಲ. ಒಂದು ಮಾತು ಇನ್ನೊಂದನ್ನು ಕರೆದುಕೊಂಡು ಬರುತ್ತಿತ್ತು. ಕತ್ತೆ, ಕತ್ತೆಯ ಕಿವಿ, ಕಿವಿಯ ಮೇಲಿನ ನೊಣ. ಬೇಕರಿಯ ಬಿಸಿ ರೊಟ್ಟಿ, ರೊಟ್ಟಿಯ ಹೊಗೆ, ಹೊಗೆಯ ಹಿಂದೆ ಬೆಕ್ಕು. ಇದನ್ನೆಲ್ಲ ಇಷ್ಟು ದಿನ ತಾನು ನೋಡಿಯೇ ಇರಲಿಲ್ಲವೇನೋ ಅನ್ನಿಸಿತು. ಹೆಸರಿಟ್ಟು ಕರೆದ ಕೂಡಲೇ ಒಂದೊಂದೂ ನಿದ್ದೆಯಿಂದೆದ್ದು ತನ್ನ ಕಡೆ ನೋಡಿದ ಹಾಗಾಯಿತು.

ಕಾಫಿ ಅಂಗಡಿಯ ಮುಂದೆ ಇಸ್ಪೀಟಿನ ಆಟ ನಡೆದಿತ್ತು. ಸೋತವರು ಎಲ್ಲರಿಗೂ ಚಹಾ ಕುಡಿಸಬೇಕು. ಸೋಲದ ಆಟಗಾರ ಎಂದರೆ ಖಮೈಸ್, ಊರಿಗೇ ದೊಡ್ಡಣ್ಣ. ವರ್ಷಗಟ್ಟಲೆ ಅವನು ತನ್ನ ಜೇಬಿನಿಂದ ಚಹಾ ಕುಡಿಸಿದ್ದಿಲ್ಲ. ಅವನ ಹಿಂದೆ ಬಂದು ನಿಂತ ತಿಜಾನಿಗೆ ಮಗುವಿನ ನೋಟ ಕೆಳಗೆಲ್ಲೋ ನೆಟ್ಟಿರುವುದು ಕಂಡಿತು.

"ಹೂಂ, ಅದು ಇಸ್ಪೀಟಿನ ಎಲೆ. ಎಲ್ಲದಕ್ಕಿಂತ ಒಳ್ಳೇ ಎಲೆ, ಡೈಮನ್ ಏಳು. ಅದು ಖಮೈಸ್ ಮಾವನ ತೊಡೆ ಕೆಳಗಿದೆ" ಎಂದ ತಿಜಾನಿ, ಸ್ಪಷ್ಟವಾಗಿ, ನಿಧಾನವಾಗಿ, ಮಗುವಿಗೆ ಅರ್ಥವಾಗುವ ಹಾಗೆ. "ಈಗ ಮಾವ ಅದನ್ನ ಮೆಲ್ಲಗೆ ಎಳ್ಕೊಳ್ತಾನೆ ನೋಡು."

ಆಟಗಾರರೆಲ್ಲ ಒಟ್ಟಿಗೆ ಎದ್ದರು. ಆಮೇಲೆ ಮೇಜು ಮಗುಚಿತು. ಒಬ್ಬ ಖಮೈಸನ ತೊಡೆ ಎತ್ತಿ ನೋಡಿದ, ಇನ್ನೊಬ್ಬ ಹೋದ ವರ್ಷದಿಂದ ಕುಡಿಸಿದ ಚಹಾಗಳನ್ನೆಲ್ಲ ವಾಪಸ್ ಕೇಳಿದ. ಖಮೈಸ್ ಎದ್ದು ನಿಂತು, "ಮೂಗ ಅಂತ ನಂಬಿದ್ದೆ ಕಣೋ ನಿನ್ನ! ಊರಲ್ಲಿ ನನ್ನ ಬೆನ್ನ ಹಿಂದೆ ನಿಲ್ಲೋಕೆ ಬಿಟ್ಟಿದ್ದು ನಿನ್ನೊಬ್ಬನನ್ನೇ!" ಎಂದು ಕಿರುಚಿದ.

"ಈಗ ಖಮೈಸ್ ಮಾವನಿಗೆ ಕೋಪ ಬಂದಿದೆ" ಎಂದು ಮಗುವಿಗೆ ಹೇಳುತ್ತಲೇ ತಿಜಾನಿ ಕಾಲಿಗೆ ಬುದ್ಧಿ ಹೇಳಿದ. "ಈಗ ನಾವು ಓಡ್ತಾ ಇದೀವಿ."

ಓಡಿ ಓಡಿ ಊರಿನ ಕೊನೆಗೆ, ಕಡಲಿನ ಮೇಲೆ ಚಾಚಿಕೊಂಡ ಬಂಡೆಗಳ ಹತ್ತಿರ ಬಂದು ಕೂತರು. ಮಧ್ಯಾಹ್ನದ ಬಿಸಿಲು ಜೇನಿನ ಹಾಗೆ ಇಳಿಯುತ್ತಿತ್ತು. ಕೆಳಗೆ ಸಮುದ್ರ, ಅದರಾಚೆ ಮಂಜೋ ಮೋಡವೋ ತಿಳಿಯದ ಒಂದು ಗೆರೆ. ಇಲ್ಲಿ ಯಾರ ಗುಟ್ಟೂ ಇರಲಿಲ್ಲ. ಗಾಳಿ ಮಾತ್ರ ಜೋರಾಗಿತ್ತು, ಹಾಗಾಗಿ ಅವನು ದನಿಯೇರಿಸಿ ಮಾತಾಡಬೇಕಾಯಿತು.

ಮಗುವಿಗೆ ರೊಟ್ಟಿಯನ್ನು ಎಣ್ಣೆಯಲ್ಲದ್ದಿ ಕೊಡುತ್ತ ಅವನು ಸಮುದ್ರದ ವಿಷಯ ಹೇಳಿದ. ಗಾಳಿಯ ವಿಷಯ ಹೇಳಿದ. ಈ ಗಿಡುಗ ಎಲ್ಲಿಂದ ಬಂತು, ಎಲ್ಲಿಗೆ ಹೋಗುವುದಿತ್ತು, ನಾವು ಬಿಟ್ಟ ಮೇಲೆ ಅದು ಹೇಗೆ ಮೊದಲು ಒಂದು ಸುತ್ತು ಹಾಕಿ ನೋಡುತ್ತದೆ, ಆಮೇಲೆ ಹೇಗೆ ನೋಡದೆ ಹೋಗುತ್ತದೆ ಎಂದು ಹೇಳಿದ. ತನ್ನ ತಾಯಿಯ ವಿಷಯ ಬಂತು. ಅವಳೂ ಮೌನಿ. ಇವನನ್ನು ಇದೇ ಬಂಡೆಯ ಮೇಲೆ ಕೂರಿಸಿ, ಉಣ್ಣೆ ನೂಲುತ್ತ, ಒಂದು ಮಾತೂ ಆಡದೆ ಇಡೀ ಮಧ್ಯಾಹ್ನ ಕಳೆಯುತ್ತಿದ್ದಳು. ಆದರೂ ಅವಳು ಬಹಳ ಮಾತಾಡಿದ್ದಳೆಂದೇ ಅವನಿಗೆ ನೆನಪು. "ಏನು ಹೇಳ್ತಿದ್ಲು ಅಂತ ಈಗ ನೆನಪಾಗ್ತಿಲ್ಲ ನೋಡು" ಎಂದ. ಕಣ್ಣು ತುಂಬಿಬಂತು. ತಾನು ಇಷ್ಟು ಮಾತಾಡಬಲ್ಲೆ ಎಂದು ಅವನಿಗೇ ಗೊತ್ತಿರಲಿಲ್ಲ. ಎಲ್ಲಿದ್ದವು ಇಷ್ಟು ಮಾತು?

ಯಾಕೂತ ಅವನ ತೊಡೆಯ ಮೇಲೆ ತಲೆಯಿಟ್ಟಿದ್ದಳು. ಮಾತು ನಿಂತಾಗೆಲ್ಲ ಕಣ್ಣು ತೆರೆಯುತ್ತಿದ್ದಳು, ಮತ್ತೆ ಶುರುವಾದ ಮೇಲೆ ಮುಚ್ಚುತ್ತಿದ್ದಳು. ಅವನು ನಿಲ್ಲಿಸಲಿಲ್ಲ. ಮಗು ನಿದ್ದೆಹೋಯಿತು, ಹಕ್ಕಿಯೂ ಒಂದು ಕಾಲೆತ್ತಿ ಪುಕ್ಕ ಉಬ್ಬಿಸಿಕೊಂಡು ತೂಕಡಿಸಿತು. ಗಾಳಿ ಮತ್ತು ತಿಜಾನಿ ಇಬ್ಬರೇ ಬಿಸಿಲು ಹಣ್ಣಾಗುವವರೆಗೂ ಮಾತಾಡಿಕೊಂಡರು.

ಎದ್ದಾಗ ಮಗು ಆಕಳಿಸಿತು. "ಹೇಳು ಪುಟ್ಟಾ, ಅಪ್ಪನ್ನ ಬಾಬಾ ಅನ್ನು. ಬಾ... ಬಾ" ಎನ್ನಲು ಹೋದ. ಗಂಟಲಿನಿಂದ ಹಳೆಯ ಕೀಲಿನ ಸದ್ದು ಬಂತು. ಇನ್ನೊಮ್ಮೆ ಪ್ರಯತ್ನಿಸಿದ. ಅದೂ ಇಲ್ಲ. ಜೀವಮಾನದ ಮಾತನ್ನೆಲ್ಲ ಒಂದೇ ಹಗಲಿನಲ್ಲಿ ಗಾಳಿಗೆದುರಾಗಿ ಖರ್ಚುಮಾಡಿದ್ದ ಗಂಟಲು ಕದ ಹಾಕಿಕೊಂಡಿತ್ತು.

ಕಣಕ್ಕೆ ಅವನು ಹೋಗಿ ಮುಟ್ಟಿದಾಗ ಊರಿಗೆ ಊರೇ ನೆರೆದಿತ್ತು. ಖಮೈಸ್ ಒಂದು ಕಡೆಯಿಂದ ದುರುಗುಟ್ಟಿ ನೋಡಿದ, ಮನ್ನೂಬಿಯಾ ಇನ್ನೊಂದು ಕಡೆಯಿಂದ. ನರ್ಸ್ ಹಯಾತ್ ಹತ್ತಿರ ಬಂದು, "ಬೆಳಗ್ಗಿಂದ ನಿಮ್ಮದೇ ಸುದ್ದಿ! ಹೀಗೇ ಮುಂದುವರಿಸಿ" ಎಂದಳು. ತಿಜಾನಿ ಬಾಯಿ ಮಾತ್ರ ಆಡಿಸಿದ. ಅಷ್ಟರಲ್ಲಿ ಧೂಳೆಬ್ಬಿಸುತ್ತ ನಾಬಲ್ ಟ್ಯಾಕ್ಸಿ ಬಂದು ಕಣದ ಅಂಚಿಗೆ ನಿಂತಿತು. ಮೊದಲು ಕಿತ್ತಳೆ ಹೂವಿನ ನೀರಿನ ಸೀಸೆಗಳು ಇಳಿದವು, ಆಮೇಲೆ ಅತ್ತೆ ಶಾದ್ಲಿಯಾ, ಕೊನೆಗೆ ದಲಂದಾ.

'ನೋಡು, ಅಮ್ಮ ಬಂದ್ಲು' ಎಂದು ಮಗುವಿಗೆ ಹೇಳಬೇಕಿತ್ತು. ದನಿಯಿಲ್ಲದ್ದರಿಂದ ಕೈ ತೋರಿಸಿದ. ತೋರಿಸಿದ್ದು ಎಡಗೈ. ಹಕ್ಕಿಯ ಕಾಲಿಗೆ ಕಟ್ಟಿದ್ದ ತೊಗಲಿನ ದಾರ ಬೆರಳ ನಡುವಿನಿಂದ ಜಾರಿತು. ಗಿಡುಗ ಭರ್ರೆಂದು ಹಾರಿ ಎಣ್ಣೆಗಾಣದ ಮಾಳಿಗೆಯ ಆಂಟೆನಾದ ಮೇಲೆ ಕೂತಿತು.

ಕಣದಲ್ಲಿ ಹಾಹಾಕಾರವಾಯಿತು. "ಕರಿಯೋ! ಕರಿಯೋ ಬೇಗ!" ಎಂದು ಎಲ್ಲರೂ ಕೂಗಿದರು. ಒಡೆಯನ ಕರೆ ಬಿಟ್ಟರೆ ಬೇರೆ ಕರೆಗೆ ಹಕ್ಕಿ ಬರುವುದಿಲ್ಲ, ಇನ್ನೊಂದು ಗಾಳಿ ಬೀಸಿದರೆ ಹೋಗಿಯೇಬಿಡುತ್ತದೆ. ತಿಜಾನಿ ಮಾಂಸದ ತುಣುಕು ಹಿಡಿದು ಎಡಗೈ ಎತ್ತಿ ಬಾಯಿ ತೆರೆದ. ಉಸಿರು ಬಂತು, ಮಾತು ಬರಲಿಲ್ಲ.

"ನೋಡು, ನೋಡು, ಈಗಲೂ ಬಾಯಿ ಬಿಡಲ್ಲ!" ಎಂದಳು ಅತ್ತೆ. "ಇಂಥವನ ಕೈಲಿ ಮಗು ಮಾತು ಕಲೀಬೇಕಂತೆ. ದಲಂದಾ, ಮಗೂನ ಬಟ್ಟೆ ಕಟ್ಟು."

ಆಗ ತಿಜಾನಿಯ ಬಲ ಸೊಂಟದಿಂದ ಒಂದು ದನಿ ಎದ್ದಿತು. ಪುಟ್ಟದು, ಆದರೆ ಹಿಂದಿನ ಕೋಣೆಯ ಆ ಮೆತ್ತಗಿನ ರಾಗ ಅದರಲ್ಲಿತ್ತು.

"ಬಾ ಮಗ್ಳೇ. ಬಾ ಬಂಗಾಯಿ. ಎದಬೇಡಾ, ನಾನಿದೀನಿ. ಬಾ ನನ್ನ ಕಣ್ಣೇ, ಬಾ."

ಗಿಡುಗ ಕತ್ತು ಓರೆ ಮಾಡಿತು. ಕೇಳಿ ಕೇಳಿ ಪಳಗಿದ ರಾಗ. ಎತ್ತಿದ ಕೈ ಕಂಡಿತು. ರೆಕ್ಕೆ ಬಿಚ್ಚಿ ಇಳಿದು ಬಂದು ತಿಜಾನಿಯ ಮುಷ್ಟಿಯ ಮೇಲೆ ಕೂತಿತು. ಯಾಕೂತ ಬೆರಳ ಹಿಂಬದಿಯಿಂದ ಅದರ ಎದೆ ನೇವರಿಸಿ, "ನೀನಿಲ್ದೇ ಮನೆ ಮನೆ ಅಲ್ಲ ಮಗ್ಳೇ" ಎಂದಳು.

ನರ್ಸ್ ಹಯಾತ್ ಚಪ್ಪಾಳೆ ತಟ್ಟಿದಳು. ಹೆಂಗಸರು ಉಲುಲು ಎಂದು ಹರ್ಷದ ದನಿ ಹೊರಡಿಸಿದರು. ಖಮೈಸ್ ಕೂಡ ಸಿಟ್ಟು ಮರೆತು ಟೋಪಿ ಮೇಲೆಸೆದ. ತಿಜಾನಿಯ ಕಣ್ಣಿಂದ ಬಳಬಳನೆ ನೀರಿಳಿಯಿತು. ಗೆದ್ದೆ ಎಂದುಕೊಂಡ. ಮಗು ಇನ್ನು ಎಲ್ಲಿಗೂ ಹೋಗಬೇಕಿಲ್ಲ.

ಹೆಂಡತಿಯ ಮುಖ ನೋಡಿದ್ದು ಆಮೇಲೆ.

"ಬಂಗಾರಿ" ಎಂದಳು ದಲಂದಾ. "ಹೆದರಬೇಡ ಅಂತೆ, ಕಣ್ಣೇ ಅಂತೆ. ನೀನಿಲ್ದೇ ಮನೆ ಮನೆ ಅಲ್ವಂತೆ. ಮಗು ಇದನ್ನೆಲ್ಲ ಎಲ್ಲಿ ಕಲೀತು? ನನಗೆ ಹೇಳಿದ್ದನ್ನ ಕೇಳಿ ಅಂತೂ ಅಲ್ಲ. ಮದುವೆ ಆದಾಗಿಂದ ನನಗೆ ನೀವು ಹೇಳಿದ ಅತಿ ಸಿಹಿ ಮಾತು ಯಾವುದು ಗೊತ್ತಾ? 'ಉಪ್ಪು ಸರಿಯಾಗಿದೆ.' ಇಷ್ಟು ಜೇನು ನಿಮ್ಮ ಬಾಯಲ್ಲಿತ್ತು, ಅದನ್ನ ಕೋಣೆ ಬಾಗಿಲು ಮುಚ್ಕೊಂಡು ಹಕ್ಕಿಗೆ ತಿನ್ನಿಸ್ತಾ ಇದ್ರಾ?"

ತಿಜಾನಿ ಬಾಯಿ ತೆರೆದ. ಹೇಳಲು ಅಂದು ಅವನಲ್ಲಿ ಏನೆಲ್ಲ ಇತ್ತು! ಆದರೆ ಗಾಳಿ ಮಾತ್ರ ಬಂತು.

"ಬೇಡ ಬಿಡಿ. ನನಗೆ ಉತ್ತರ ಯಾಕೆ ಕೊಡ್ತೀರಿ, ನಾನೇನು ಗಿಡುಗವಾ? ಅಮ್ಮಾ, ನಡಿ. ಮಗು ಬೇಡ, ನಾನು ಬರ್ತೀನಿ ನಾಬಲ್‌ಗೆ." ಅವಳು ಹೋಗಿ ಟ್ಯಾಕ್ಸಿಯಲ್ಲಿ ಕೂತು ಬಾಗಿಲು ದಢಾರನೆ ಎಳೆದುಕೊಂಡಳು. ಮಗಳನ್ನು ಒಬ್ಬಳನ್ನೇ ಕಳಿಸುವುದುಂಟೇ ಎಂದು ಅತ್ತೆಯೂ ಹೋಗಿ ಪಕ್ಕದಲ್ಲಿ ಕೂತಳು.

ಆದರೆ ನಾಬಲ್ ಟ್ಯಾಕ್ಸಿ ಸೀಟು ಭರ್ತಿಯಾಗದೆ ಹೊರಡುವುದಿಲ್ಲ. ಚಾಲಕ ಸಿಗರೇಟು ಹಚ್ಚಿ, "ನಾಬಲ್, ನಾಬಲ್, ಇನ್ನೂ ಜನ ಬೇಕು" ಎಂದು ಕೂಗುತ್ತಿದ್ದ. ಬೆಂಕಿಯಂಥ ಸಿಟ್ಟೂ ಪ್ರಯಾಣಿಕರಿಗಾಗಿ ಕಾಯಬೇಕಾಯಿತು. ದಲಂದಾ ಆಚೆ ಕಿಟಕಿಗೆ ಮುಖ ಮಾಡಿ ಕೂತಿದ್ದಳು. ಈಚೆ ಕಿಟಕಿಯಲ್ಲಿ ಅತ್ತೆ. ತಿಜಾನಿ ಟ್ಯಾಕ್ಸಿಯ ಹತ್ತಿರ ಬಂದು ನಿಂತ. ಬೇಡುವವನಂತೆ ಮಗುವಿನ ಮುಖ ನೋಡಿದ. ಅವನಿಗೆ ಉಳಿದಿದ್ದ ನಾಲಿಗೆ ಅದೊಂದೇ.

ಯಾಕೂತ ಅಪ್ಪನನ್ನು ನೋಡಿದಳು, ಕಿಟಕಿ ನೋಡಿದಳು. ಅರ್ಥವಾಯಿತೆಂಬಂತೆ ಕೈ ಚಾಚಿದಳು.

"ಬಾ ಬಂಗಾಯಿ. ಬಾ ನನ್ನ ಕಣ್ಣೇ. ನೀನಿಲ್ದೇ ಮನೆ ಮನೆ ಅಲ್ಲ."

ಟ್ಯಾಕ್ಸಿಯ ಬಾಗಿಲು ಕಿರ್ರೆಂದಿತು. ಸೆರಗಿನಿಂದ ಕಣ್ಣೊರೆಸಿಕೊಳ್ಳುತ್ತ ಇಳಿದವಳು ಅತ್ತೆ ಶಾದ್ಲಿಯಾ.

"ಅಯ್ಯೋ ನನ್ನ ಕಂದಾ!" ಎಂದು ಮಗುವನ್ನು ಎತ್ತಿಕೊಂಡಳು. "ನನ್ನ ಗಂಡ, ಪುಣ್ಯಾತ್ಮ, ಸಾಯೋ ತನಕ ಒಂದು ಸಲ ಹೀಗೆ ಕರೀಲಿಲ್ಲ. ಅಕ್ಕತಂಗೀರು ಹಂಡೆ ಸುತ್ತ ಕೂತು ಎಷ್ಟು ಮಾತಾಡಿದ್ರೇನು, ಬಂಗಾರಿ ಅಂದೋರು ಯಾರಿದಾರೆ? ಡ್ರೈವರಣ್ಣಾ, ನನ್ನ ಗಂಟು ಇಳಿಸಪ್ಪ. ನಾನಿನ್ನು ಇಲ್ಲಿಂದ ಕದಲಲ್ಲ."

"ತುಂಬಿದ್ದ ಎರಡು ಸೀಟಲ್ಲಿ ಒಂದು ಹೋಯ್ತಲ್ಲಪ್ಪ" ಎಂದು ಚಾಲಕ ಗೊಣಗಿದ.

ದಲಂದಾ ಪಕ್ಕದಲ್ಲಿ ಖಾಲಿಯಾದ ಸೀಟು ನೋಡಿದಳು. ಆಮೇಲೆ ತಾನೂ ಇಳಿದಳು. "ಅಮ್ಮನೇ ಇಲ್ಲಿದ್ರೆ ನಾನಲ್ಲಿ ಹೋಗಿ ಏನು ಮಾಡ್ಲಿ?" ಎಂದಳು. ನಗು ಬರುತ್ತಿತ್ತು, ಆದರೆ ಗಂಡನಿಗೆ ಅದನ್ನು ಕಾಣಗೊಡಲಿಲ್ಲ. "ಹಾಗಂತ ಕ್ಷಮಿಸಿದೀನಿ ಅನ್ಕೋಬೇಡಿ. ದನಿ ಬರ್ಲಿ ನಿಮಗೆ, ಆ ಹಕ್ಕಿಗೆ ಹೇಳಿದ್ದನ್ನೆಲ್ಲ ಒಂದೂ ಬಿಡದೆ ನನಗೆ ಹೇಳ್ಬೇಕು."

ಮುಸ್ಸಂಜೆಗೆ ಮನೆ ತುಂಬ ಕಿತ್ತಳೆ ಹೂವಿನ ಘಮ. ಹಿಂದಿನ ಕೋಣೆಯ ಮಂಚದ ಮೇಲೆ ಅತ್ತೆಯ ಹಾಸಿಗೆ ಬಿಚ್ಚಿಕೊಂಡಿತ್ತು. "ನೋಡಿ ಅಳಿಯಂದ್ರೇ, ನನ್ನ ಜೊತೆಗೂ ಹಾಗೇ ಮಾತಾಡ್ತಾ ಇರಿ. ಏನು ಮಾಡ್ತಿದೀರಿ, ಎಲ್ಲಿಗೆ ಹೋಗ್ತಿದೀರಿ, ಎಲ್ಲ ಹೇಳ್ತಾ ಹೋಗಿ. ನಾನು ಕಾಯ್ತೀನಿ" ಎಂದು ಅವಳು ಒಳಗಿನಿಂದ ಹೇಳುತ್ತಿದ್ದಳು.

ಕೋಣೆ ಕಳೆದುಕೊಂಡ ತಿಜಾನಿ ಗಿಡುಗವನ್ನು ಕೈಮೇಲಿಟ್ಟುಕೊಂಡು ಅಂಗಳದ ನಿಂಬೆ ಗಿಡದ ಕೆಳಗೆ ಒರಗಿಕೊಂಡ. ಗೋಡೆಯ ಮೇಲಿಂದ ಮನ್ನೂಬಿಯಾಳ ಕೈ ಮೆಲ್ಲಗೆ ಬಂದು ಒಂದು ಹಣ್ಣು ಕಿತ್ತುಕೊಂಡು ಹೋಯಿತು. ಅವನು ಏನೂ ಹೇಳಲಿಲ್ಲ, ಹೇಳುವಂತೆಯೂ ಇರಲಿಲ್ಲ.

ಯಾಕೂತ ಬಂದು ಅವನ ಹೊಟ್ಟೆಯ ಮೇಲೆ ಕೂತಳು. ಅವನು ಬಾಬಾ ಎನ್ನಿಸಬೇಕೆಂಬ ಎದೆ ತುಂಬ ಆಸೆಯಿಂದ ತುಟಿ ಆಡಿಸಿದ: ಬಾ, ಬಾ. ದನಿಯಿಲ್ಲದಿದ್ದರೂ ಮಗು ಅದನ್ನು ನೋಡಿತು. ತನ್ನ ಕೈಲಿದ್ದ ರೊಟ್ಟಿಯ ಚೂರನ್ನು ಅವನ ಬಾಯಿಗಿಟ್ಟಿತು. ಬೆರಳ ಹಿಂಬದಿಯಿಂದ ಅವನ ಎದೆಯನ್ನು ಮೇಲಿಂದ ಕೆಳಗೆ ನಿಧಾನವಾಗಿ ನೇವರಿಸಿತು.

"ಎದಬೇಡಾ ಮಗ್ಳೇ" ಎಂದಿತು. "ನಾನಿದೀನಿ."